ಹಳೆಯೂರು ದಾಟುವ ದೋಣಿ

೧೬-೮-೯೮, ಭಾನುವಾರ

ಬಂಡಿದಾರಿ ಇವತ್ತು ಮುಳುಗಿತು. ನಿನ್ನೆ ಸಂಜೆಯವರೆಗೂ ದಾರಿಯ ನಡುವಿನ ಹುಲ್ಲಿನ ಗೆರೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬರೀ ನೀರು. ಡ್ಯಾಮು ತುಂಬಿದಾಗ ಈ ಓಣಿಗೆ ಮೂರು ಕಡೆ ಹಿನ್ನೀರು, ಹಿಂದೆ ಗುಡ್ಡ. ಇನ್ನು ಬೇಸಿಗೆಯವರೆಗೆ ತಂಬ್ರಹಳ್ಳಿಗೆ ಹೋಗಲು ಮಾವನ ಮೋಟರು ದೋಣಿಯೊಂದೇ ದಾರಿ. ಹಾಲಿನ ಕ್ಯಾನು, ಹೈಸ್ಕೂಲಿನ ಮಕ್ಕಳು, ಕೂಲಿಗೆ ಹೋಗುವವರು ಎಲ್ಲರೂ ಅದರಲ್ಲೇ.

ಕೊಟ್ಟೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಗ್ರಂಥಾಲಯವಿತ್ತು. ಇಲ್ಲಿಗೆ ಬರುವಾಗ ತಂದ ಪುಸ್ತಕಗಳನ್ನು ಮತ್ತೆ ಮತ್ತೆ ಓದಿಯಾಯಿತು. ಮಾತಾಡಲು ಅತ್ತೆಯೊಬ್ಬರು, ಅವರಿಗೂ ನನ್ನೊಡನೆ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. 'ಓದಿದಾಕಿ' ಎಂದು ನನ್ನ ಪಾಲಿನ ಕೆಲಸವನ್ನೂ ತಾವೇ ಮಾಡಿಬಿಡುತ್ತಾರೆ. ಮಾವನೊಡನೆ ಮಾತಿಲ್ಲ. ಸೊಸೆ ಮಾವನ ಮುಖ ನೋಡಿ ಮಾತಾಡುವ ರೂಢಿ ಈ ಓಣಿಯಲ್ಲಿಲ್ಲ. ಅತ್ತೆ ಮನೆಯಲ್ಲಿಲ್ಲದಾಗ ನಾನು ಅಂಗಳದ ಆಡಿಗೆ ಹೇಳುತ್ತೇನೆ:

"ರೊಟ್ಟಿ ಆಗ್ಯಾವು, ಕೈ ತೊಳಕೊಂಡು ಬಂದ್ರ ಛಲೋ ಅಕ್ಕೈತಿ."

ಮಾವ ಕೂಡ ಆಡಿಗೇ ಉತ್ತರ ಕೊಡುತ್ತಾರೆ: "ಬಂದೆ ಅಂತ ಹೇಳು."

ಆಡು ಅವರ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡುತ್ತದೆ. ನಗು ಬಂದರೂ ನಗಲು ಜೊತೆಗೆ ಯಾರೂ ಇಲ್ಲ.

ಇವರು ಮೀನುದೋಣಿಯ ಕೆಲಸಕ್ಕೆಂದು ಮಲ್ಪೆಗೆ ಹೋಗಿ ಎರಡು ವಾರವಾಯಿತು. ಮದುವೆಯಾದದ್ದು ವೈಶಾಖದಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ತಂಬ್ರಹಳ್ಳಿಯ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತೇನೆ ಎಂದಿದ್ದರು. ಇವತ್ತು ಮಾಡಿದರು. ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ.

"ನನ್ನ ಯಾವಾಗ ಕರಕೊಂಡು ಹೋಗ್ತೀರಿ?" ಎಂದು ಕೇಳಿದೆ. ಬೂತಿನವನು ಕೇಳಿಸಿಕೊಳ್ಳುತ್ತಾನೆಂದು ಸಣ್ಣಗೆ ಕೇಳಿದ್ದಕ್ಕೆ ಮತ್ತೊಮ್ಮೆ ಕೇಳಬೇಕಾಯಿತು.

"ಆ ದೋಣಿ ಇರೋ ತನಕ ಅಪ್ಪ ಅವ್ವ ಅಲ್ಲಿಂದ ಏಳಂಗಿಲ್ಲ ಗೀತಾ. ಅವರ ಕೂಡ ಒಬ್ರು ಇರಬೇಕಲ್ಲ. ದೋಣಿ ಹೋತು ಅಂದ್ರ ಅಕ್ಕನ ಮನಿಗೆ ಹೊಸಪೇಟಿಗೆ ಹೋಗ್ತಾರ. ಮರುದಿನಾನ ನಿನ್ನ ಕರಕೊಳ್ತೀನಿ."

೨೦-೮-೯೮, ಗುರುವಾರ

ಬೆಳಗಿನ ದೋಣಿ ಹೊರಡಲಿಲ್ಲ. ಅಂಗಳದಿಂದ ನೋಡುತ್ತಿದ್ದೆ. ಮಾವ ಹಗ್ಗ ಎಳೆಯುತ್ತಾರೆ, ಮೋಟರು ಒಮ್ಮೆ ಕೆಮ್ಮುತ್ತದೆ, ಸುಮ್ಮನಾಗುತ್ತದೆ. ದೋಣಿ ನೀರಿನ ನಡುವೆ ಮೆಲ್ಲಗೆ ತಿರುಗುತ್ತ ನಿಂತಿತ್ತು. ಮಕ್ಕಳು ಕೈಯಿಂದ ನೀರು ತಳ್ಳುತ್ತಿದ್ದರು.

ಮಾವ ದಡದಲ್ಲೇ ಏಕೆ ಮೋಟರು ಹಚ್ಚುವುದಿಲ್ಲ ಎಂದು ಅತ್ತೆಯನ್ನು ಕೇಳಿದೆ. ನಮ್ಮ ದಡದಿಂದ ಒಂದು ಕೂಗಿನಷ್ಟು ದೂರದವರೆಗೆ ನೀರಿನ ಕೆಳಗೆ ಹಳೆಯೂರು ಇದೆಯಂತೆ. ಡ್ಯಾಮು ಕಟ್ಟಿದಾಗ ಮುಳುಗಿದ್ದು. ಈ ಓಣಿಯವರೆಲ್ಲ ಅಲ್ಲಿಂದಲೇ ಮೇಲೆ ಬಂದವರು. ಹುಟ್ಟು ಹಾಕುವ ಕಾಲದಲ್ಲಿ ಹಳೆಯೂರಿನ ಮೇಲೆ ಬಂದಾಗ ಹುಟ್ಟು ಎತ್ತಿಬಿಡುತ್ತಿದ್ದರು. ದೋಣಿ ತಾನೇ ತೇಲಿ ದಾಟಬೇಕು. ಸತ್ತವರೂ ಒಲೆಗಳೂ ಇರುವ ಕಡೆ ಗದ್ದಲ ಮಾಡಬಾರದು. ಅದಕ್ಕೇ ಮಾವ ಹೋಗುವಾಗ ಗಳ ಊರಿ ಹಳೆಯೂರು ದಾಟಿ ಆಮೇಲೆ ಹಗ್ಗ ಎಳೆಯುತ್ತಾರೆ. ಬರುವಾಗ ಅದು ಶುರುವಾಗುವ ಮೊದಲೇ ಮೋಟರು ನಿಲ್ಲಿಸಿ ದಡದವರೆಗೆ ಗಳ ಹಾಕುತ್ತಾರೆ.

"ನಿನ್ನ ಗಂಡ ಅಂಜಿನಿ ಅದರ ಮ್ಯಾಲೇ ಬುರ್ ಅಂತ ಹೊಡಕೊಂಡು ಬರ್ತಿದ್ದ," ಎಂದರು ಅತ್ತೆ. "ಅದಕ್ಕ ಇಬ್ಬರಿಗೂ ಜಗಳ. 'ನಿಮ್ಮ ಮೋಟರು ನೀವ ನೋಡಿಕೊಳ್ರಿ' ಅಂದು ಹೋದ. ಇವರಿಗೆ ಹುಟ್ಟು ಹಾಕಿ ಗೊತ್ತೇ ಹೊರತು ಮೋಟರು ಎಲ್ಲಿ ಗೊತ್ತೈತಿ?"

ಇವರು ಮಲ್ಪೆಗೆ ಹೋದದ್ದು ಹೆಚ್ಚು ಸಂಬಳಕ್ಕೆ ಎಂದೇ ನನಗೆ ಹೇಳಿದ್ದರು.

೩೧-೮-೯೮, ಸೋಮವಾರ

ವಾರವೆಲ್ಲ ಅದೇ. ಬೆಳಗಿನ ದೋಣಿ ಹೊರಡುವ ಹೊತ್ತಿಗೆ ಮಕ್ಕಳ ಮೊದಲ ಪೀರಿಯಡ್ ಮುಗಿದಿರುತ್ತದೆ, ಹಾಲಿನ ವ್ಯಾನು ಹೋಗಿರುತ್ತದೆ. ಮಧ್ಯಾಹ್ನ ಮಾತ್ರ ಏನೂ ತೊಂದರೆಯಿಲ್ಲ.

ಇವತ್ತು ಹಗರಿಬೊಮ್ಮನಹಳ್ಳಿಯಿಂದ ಪಂಪ್‌ಸೆಟ್ ರಿಪೇರಿಯ ನಾಗೇಂದ್ರಪ್ಪ ಬಂದಿದ್ದರು. ಬಿಸಿಲು ಏರಿದ ಮೇಲೆ ಬಂದರು. ಹಗ್ಗ ಎಳೆದರು, ಒಂದೇ ಎಳೆತಕ್ಕೆ ಹೊರಟಿತು.

"ಏನಾಗೈತಪ್ಪ ಇದಕ್ಕ? ನನ್ನ ಹೆಂಡತಿಗಿಂತ ಬೇಸ್ ಮಾತು ಕೇಳತೈತಿ."

"ಮುಂಜಾನಿ ಬಂದು ನೋಡು," ಎಂದರು ಮಾವ.

"ಮುಂಜಾನಿ ನನ್ನ ಹೆಂಡತೀನೂ ಕೇಳಂಗಿಲ್ಲ."

ಆದರೂ ಬಿಚ್ಚಿ ನೋಡಿದರು. ಹೊಸ ಪ್ಲಗ್ಗು ಹಾಕಿದರು, ಕಾರ್ಬೊರೇಟರು ತೊಳೆದರು, ಪಾಯಿಂಟು ಉಜ್ಜಿದರು. ರಾತ್ರಿಯ ಇಬ್ಬನಿಗೆ ಥಂಡಿ ಹಿಡಿಯುತ್ತದೆ, ಗೋಣಿಚೀಲ ಹೊದಿಸಿ ಎಂದು ಹೇಳಿ ಹೋದರು. ಮಾವ ಗೋಣಿಚೀಲದ ಜೊತೆಗೆ ತಮ್ಮ ಕಂಬಳಿಯನ್ನೂ ಹೊದಿಸಿ ಬಂದಿದ್ದಾರೆ.

೧-೯-೯೮, ಮಂಗಳವಾರ

ಹೊರಡಲಿಲ್ಲ.

೬-೯-೯೮, ಭಾನುವಾರ

ಫೋನು ಬರಲಿಲ್ಲ. ಸಂಜೆಯ ದೋಣಿಯವರೆಗೂ ಬೂತಿನ ಬೆಂಚಿನ ಮೇಲೆ ಕೂತಿದ್ದೆ. "ಸಮುದ್ರಕ್ಕ ಹೋಗಿರಬೇಕು ಬಿಡ್ರಿ ಅಕ್ಕಾರ," ಎಂದ ಬೂತಿನವನು. ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ನೋಡಿ ಎದ್ದು ಹೊರಗೆ ನಿಂತೆ.

೯-೯-೯೮, ಬುಧವಾರ

ದೋಣಿ ಮೀನುಗಾರರ ಸಂಘದ್ದು, ನಡೆಸುವುದು ಮಾವ. ಇವತ್ತು ಸಂಘದ ಕಾರ್ಯದರ್ಶಿ ಗುರುಸಂಗಪ್ಪನವರು ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

"ಹುಲುಗಣ್ಣ, ನಿನ್ನ ಮ್ಯಾಲೆ ಸಿಟ್ಟಿಲ್ಲ. ಓಣಿಯವರು ದಿನಾ ಬಂದು ನನ್ನ ಬಾಗಿಲಿಗೆ ನಿಂದ್ರತಾರ. ಆಚಿ ದಡದವನೊಬ್ಬ ತನ್ನ ಹೊಸ ದೋಣಿ ತಂದು ಹಾಕ್ತೀನಿ ಅಂತಾನ. ದಸರಾ ಆದ ಮ್ಯಾಲೆ ಬರ್ತೀನಿ, ಮುಂಜಾನಿ ಮೊದಲನೇ ದೋಣಿಗೆ. ಹೊಂಟ್ರ ನಿಂದು. ಹೊರಡಲಿಲ್ಲಂದ್ರ ಈ ಮನೀನೂ ಸಂಘದ್ದಲ್ಲೇನು, ನೀನ ವಿಚಾರ ಮಾಡು."

ಮಾವ "ಹೂಂ" ಎಂದರು.

ದಸರೆ ಅಕ್ಟೋಬರ್ ಮೊದಲ ವಾರ. ಆಮೇಲೆ ಮಲ್ಪೆ. ಮಲ್ಪೆಯ ಬಗ್ಗೆ ಯೋಚಿಸುತ್ತ ಅಕ್ಕಿ ಆರಿಸಿದೆ. ಅಲ್ಲಿ ಎಲ್ಲ ಮನೆಗೂ ಹೆಂಚಂತೆ. ಸಮುದ್ರ ಎಷ್ಟು ದೂರದಿಂದ ಕೇಳಿಸುತ್ತದೋ.

೧೫-೯-೯೮, ಮಂಗಳವಾರ

ಮಾವನ ಬಲ ಭುಜ ಏಳುವುದಿಲ್ಲ. ಹಗ್ಗ ಎಳೆದೂ ಎಳೆದೂ ಹೀಗಾಗಿದೆ. ಅತ್ತೆ ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ಊಟಕ್ಕೆ ಎಡಗೈ ಬಳಸಲಾರದೆ ಬಲಗೈಯನ್ನು ಮೊಣಕಾಲಿನ ಮೇಲಿಟ್ಟು ಮುಖವನ್ನೇ ತಟ್ಟೆಯ ಹತ್ತಿರ ತರುತ್ತಾರೆ. ನಾನು ಒಲೆಯ ಕಡೆ ತಿರುಗಿ ಕೂತೆ.

ನಾಳೆಯಿಂದ ಗಳ ಹಾಕಲು, ನೀರು ಮೊಗೆಯಲು ನಾನು ದೋಣಿಗೆ ಹೋಗಬೇಕು. ಬೇರೆ ಯಾರೂ ಇಲ್ಲ. ಅತ್ತೆಗೆ ದೋಣಿಯಲ್ಲಿ ತಲೆ ತಿರುಗುತ್ತದೆ. "ಓದಿದಾಕಿನ ಗಳ ಹಾಕಾಕ ಕಳಸ್ತಾರಂತ ಜನ ಆಡಿಕೊಳ್ತಾರ," ಎಂದು ಅವರೇ ಹೇಳಿ ಅವರೇ ಅತ್ತರು.

೧೬-೯-೯೮, ಬುಧವಾರ

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಳ ಕೆಸರಿನಲ್ಲಿ ಸಿಕ್ಕಿ ನಾನೇ ಬೀಳುವುದರಲ್ಲಿದ್ದೆ. ಹಾಲಿನ ನಾಗಲಿಂಗಮ್ಮ ಸೆರಗು ಹಿಡಿದೆಳೆದು ಕೂರಿಸಿದರು.

"ಯವ್ವಾ, ಗಳ ಬಿಡಬೇಕು, ದೋಣಿ ಬಿಡಬಾರದು. ಕಾಲೇಜಿನಾಗ ಇದನ್ನ ಹೇಳಿಕೊಡಲಿಲ್ಲೇನು?"

ಹಳೆಯೂರು ದಾಟಿದ ಮೇಲೆ ಮಾವ ಎಡಗೈಯಲ್ಲಿ ಹಗ್ಗ ಎಳೆದರು. ಹೊರಡಲಿಲ್ಲ. ಗಂಡಸರು ಸರದಿಯ ಮೇಲೆ ಎಳೆದರು. "ಹುಲುಗಣ್ಣ, ಇದಕ್ಕ ಎದ್ದ ಕೂಡ್ಲೆ ಚಾ ಬೇಕೇನೋ ನೋಡು," ಎಂದರು ನಾಗಲಿಂಗಮ್ಮ. ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನಾನೂ ನಗಲಿಲ್ಲ.

೨೦-೯-೯೮, ಭಾನುವಾರ

ಫೋನಿನಲ್ಲಿ ಇವರ ದನಿ ಬಹಳ ಹತ್ತಿರ ಕೇಳಿತು. ಗಳ ಹಾಕುವ ವಿಷಯ ಹೇಳಲಿಲ್ಲ. "ಅಪ್ಪಗ ಎಷ್ಟು ಹಟ ನೋಡು. ಬಿಡಲಿ ಅದನ್ನ," ಎಂದರು. "ಇನ್ನ ಸ್ವಲ್ಪ ದಿನ ತಡಿ."

ಬರುವಾಗ ಪಡುವಣದಿಂದ ಗಾಳಿ ಎದ್ದಿತು. ನೀರೆಲ್ಲ ಬೆಳ್ಳಗೆ ನೊರೆ. ಹಳೆಯೂರಿನ ಮೇಲೆ ತೇಲಬಿಟ್ಟರೆ ದೋಣಿ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಮಾವ ಅದನ್ನು ಬಿಟ್ಟು ಗುಡ್ಡದ ಬದಿಯಿಂದ ಸುತ್ತು ಹಾಕಿ, ಮೋಟರು ಓಡುತ್ತಿದ್ದಂತೆಯೇ ದಡಕ್ಕೆ ತಂದರು. ಒದ್ದೆಯಾಗಿ ನಡುಗುತ್ತ ಇಳಿದೆವು. ಅಷ್ಟು ಗಾಳಿಯಲ್ಲೂ ಮಾವ ಹಳೆಯೂರಿನ ಕಡೆ ತಿರುಗಿ ಕೈಮುಗಿದರು.

೨೧-೯-೯೮, ಸೋಮವಾರ

ಮೊದಲ ಎಳೆತಕ್ಕೇ ಹೊರಟಿತು. ಗೋಣಿಚೀಲ, ಕಂಬಳಿ ಎರಡೂ ರಾತ್ರಿಯ ಗಾಳಿಗೆ ಹಾರಿಹೋಗಿ ಮೋಟರು ತೊಯ್ದು ತೊಪ್ಪೆಯಾಗಿತ್ತು. ಥಂಡಿಯ ಮಾತು ಸುಳ್ಳು.

೨೨-೯-೯೮, ಮಂಗಳವಾರ

ಮತ್ತೆ ಹೊರಡಲಿಲ್ಲ. ನಿನ್ನೆ ಸಂಜೆ ಗಾಳಿಯಿರಲಿಲ್ಲ, ಎಂದಿನಂತೆ ಹಳೆಯೂರಿನ ಮೇಲೆ ತೇಲಿ ಬಂದಿದ್ದೆವು.

೨೪-೯-೯೮, ಗುರುವಾರ

ಮೋಟರಿನ ಪಕ್ಕದಲ್ಲೇ ಕೂರುತ್ತೇನೆ, ಹಾಗಾಗಿ ಎಲ್ಲ ಕಾಣುತ್ತದೆ. ಎರಡು ಡಬ್ಬಿಗಳಿವೆ. ಒಂದರಲ್ಲಿ ಪೆಟ್ರೋಲು, ಇನ್ನೊಂದರಲ್ಲಿ ಸೀಮೆಎಣ್ಣೆ. ನಡುವೆ ಹಿತ್ತಾಳೆಯ ಕಾಕು, ಯಾವ ಡಬ್ಬಿಯ ಎಣ್ಣೆ ಬೇಕೋ ಆ ಕಡೆ ತಿರುಗಿಸುವ ಸಣ್ಣ ನಲ್ಲಿ. ತಣ್ಣಗಿರುವ ಮೋಟರು ಪೆಟ್ರೋಲಿನಲ್ಲಿ ಮಾತ್ರ ಹೊರಡುತ್ತದೆ. ಬಿಸಿಯಾದ ಮೇಲೆ ಕಾಕು ತಿರುಗಿಸಿ ಸೀಮೆಎಣ್ಣೆಯಲ್ಲಿ ಓಡಿಸುತ್ತಾರೆ. ಸಂಜೆ ದಡ ಮುಟ್ಟಿದ ಮೇಲೆ ಮಾವ ಬಹಳ ನೇಮದಿಂದ ಕಾಕನ್ನು ಪೆಟ್ರೋಲಿಗೆ ತಿರುಗಿಸಿ, ಒಮ್ಮೆ ಮುಟ್ಟಿ ನೋಡಿ, ಆಮೇಲೆ ಇಳಿಯುತ್ತಾರೆ. ದೇವರ ಮನೆಯ ಬಾಗಿಲು ಹಾಕಿದ ಹಾಗೆ.

ಇವತ್ತು ಬೆಳಿಗ್ಗೆ ಬಿಚ್ಚಿದ ಪ್ಲಗ್ಗನ್ನು ನನ್ನ ಕೈಗೆ ಹಿಡಿಯಲು ಕೊಟ್ಟರು. ನನ್ನ ಕೈಗಲ್ಲ, ನನ್ನ ಪಕ್ಕದ ಹಲಗೆಯ ಮೇಲೆ ಇಟ್ಟರು. ಒದ್ದೆಯಾಗಿತ್ತು. ಮೂಸಿದೆ. ಲಾಟೀನಿನ ವಾಸನೆ.

೨೭-೯-೯೮, ಭಾನುವಾರ

ತಿಳಿಯಿತು.

ದಡ ಮುಟ್ಟುವಾಗ ಕಾಕು ತಿರುಗಿಸಬೇಕು ಎಂದು ಇವರು ಮಾವನಿಗೆ ಹೇಳಿಕೊಟ್ಟಿರಬೇಕು. ಇವರು ದಡದವರೆಗೂ ಮೋಟರು ಓಡಿಸುತ್ತಿದ್ದರು. ಓಡುವ ಮೋಟರು ಒಳಗಿರುವ ಸೀಮೆಎಣ್ಣೆಯನ್ನು ಸುಟ್ಟು ಪೆಟ್ರೋಲು ಎಳೆದುಕೊಳ್ಳುತ್ತದೆ, ಬೆಳಗಿನವರೆಗೆ ಅದೇ ಒಳಗಿರುತ್ತದೆ. ಮಾವ ಹಳೆಯೂರಿನ ಮೊದಲೇ ಮೋಟರು ನಿಲ್ಲಿಸುತ್ತಾರೆ. ದಡದಲ್ಲಿ ತಿರುಗಿಸುವುದು ಸತ್ತ ಮೋಟರಿನ ಕಾಕನ್ನು. ಪೈಪಿನಲ್ಲೂ ಕಾರ್ಬೊರೇಟರಿನಲ್ಲೂ ಸೀಮೆಎಣ್ಣೆ ಹಾಗೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಕು ಪೆಟ್ರೋಲಿಗೇ ಇದೆ. ಹಗಲು ಮೋಟರು ಬಿಸಿಯಿರುತ್ತದೆ, ಆದ್ದರಿಂದ ಹೊರಡುತ್ತದೆ. ಗಾಳಿಯ ದಿನ ದಡದವರೆಗೆ ಓಡಿಸಿದ್ದರು, ಓಡುವಾಗಲೇ ಕಾಕು ತಿರುಗಿತ್ತು, ಮರುದಿನ ಹೊರಟಿತು.

ಹಳೆಯೂರಿನ ಮೊದಲು ನೀರಿನಿಂದ ತಲೆಯೆತ್ತಿರುವ ಒಣ ಜಾಲಿಮರವಿದೆ. ಅದಕ್ಕೂ ಸ್ವಲ್ಪ ಮುಂಚೆ ಕಾಕು ತಿರುಗಿಸಿದರೆ ಸಾಕು. ಹಳೆಯೂರಿನ ಮೇಲೆ ಸದ್ದೂ ಆಗುವುದಿಲ್ಲ.

ಇದನ್ನೆಲ್ಲ ಬೂತಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ಫೋನು ಬಂತು. ಇವರಿಗೆ ಹೇಳಲಿಲ್ಲ. ಮನೆಗೆ ಬಂದು ಅತ್ತೆಗೂ ಹೇಳಲಿಲ್ಲ. ಮಾವನಿಗೆ ಹೇಳಲು ಆಡು ಮೂರೇ ಮೊಳ ದೂರದಲ್ಲಿತ್ತು, ಅದಕ್ಕೂ ಹೇಳಲಿಲ್ಲ.

೩೦-೯-೯೮, ಬುಧವಾರ

ಆಯುಧಪೂಜೆ. ಅತ್ತೆ ಮೋಟರಿಗೆ ವಿಭೂತಿ ಹಚ್ಚಿ, ಚೆಂಡುಹೂವು ಸುತ್ತಿ, ಕಾಯಿ ಒಡೆದರು. ದೋಣಿಯಲ್ಲಿ ತಲೆ ತಿರುಗುತ್ತದೆಂದು ದಡದಲ್ಲೇ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

"ಇಷ್ಟು ದಿನ ಸತಾಯಿಸಿದಿ, ಆತು. ಅವತ್ತೊಂದಿನ ಇವರ ಮಾನ ಉಳಸು. ಆಮ್ಯಾಲೆ ಬೇಕಾದ್ರ ಮತ್ತ ನಿನ್ನ ಆಟ ಆಡೀಯಂತೆ," ಎಂದು ಮೋಟರಿಗೆ ಹೇಳಿದರು.

ಆಮೇಲೆ ಹೋಳಿಗೆ ಬೇಯಿಸುತ್ತ ನನಗೆ ಹೇಳಿದರು, "ಹೊಸಪೇಟ್ಯಾಗ ಮಗಳ ಮನಿ ಛಲೋ ಐತಿ. ನಳ ಐತಿ, ಕರೆಂಟು ಐತಿ. ಇವರು ಮಾತ್ರ ಅಲ್ಲಿ ಎಲ್ಲಿ ಕುಂದ್ರಬೇಕಂತ ತಿಳೀದ ಬಾಗಿಲದಾಗ ನಿಂತಿರ್ತಾರ. ಹೋದ ಸಲ ನಾಲ್ಕು ದಿನಕ್ಕ ಹೋದಾಗ್ಲೂ ಹಂಗ ನಿಂತಿದ್ರು. ಬಾ ಅಂದ್ರ ಒಳಗ ಬರ್ತಾರ, ಮತ್ತ ಹೋಗಿ ನಿಂದ್ರತಾರ."

ಹೋಳಿಗೆ ಒಂದು ಸೀದುಹೋಯಿತು, ನನ್ನದು.

೪-೧೦-೯೮, ಭಾನುವಾರ

"ರೂಮು ನೋಡೀನಿ ಗೀತಾ," ಎಂದರು ಇವರು. "ಸಣ್ಣದು. ಕಿಟಕ್ಯಾಗ ಸಮುದ್ರ ಕಾಣತೈತಿ. ಬುಧವಾರ ಬರ್ತಾನಂತಲ್ಲ ಗುರುಸಂಗಪ್ಪ. ಮುಂದಿನ ವಾರ ನಾನ ಬಂದು ಕರಕೊಂಡು ಹೋಗ್ತೀನಿ."

"ಕಾಕು ನೀವು ಯಾವಾಗ ತಿರುಗಿಸ್ತಿದ್ರಿ?"

"ಯಾವ ಕಾಕು? ಮೋಟರಿಂದಾ? ದಡ ಬಂದಾಗ. ಯಾಕ?"

"ಏನಿಲ್ಲ."

"ನಿನಗ್ಯಾಕ ಅದೆಲ್ಲ? ಸೀರಿ ಎಲ್ಲಾ ಒಗೆದು ಇಟ್ಟುಕೋ."

೫-೧೦-೯೮, ಸೋಮವಾರ

ಅತ್ತೆ ಕಟ್ಟಿಗೆಗೆ ಹೋಗಿದ್ದರು. ಮಾವ ಕಟ್ಟೆಯ ಮೇಲೆ ಭುಜ ಹಿಡಿದುಕೊಂಡು ಕೂತಿದ್ದರು. ಆಡಿಗೆ ಹೇಳಿದೆ:

"ಒಣ ಜಾಲಿಮರ ಬರೋಕಿಂತ ಮೊದಲ ಕಾಕು ತಿರುಗಿಸಿದ್ರ ಮುಂಜಾನಿ ಮೋಟರು ಹೊಂಡತೈತಿ. ಒಳಗ ಸೀಮಿಎಣ್ಣಿ ಉಳಿಯೋದಕ್ಕ ಹಿಂಗ ಆಗೈತಿ."

ಮಾವ ಭುಜದ ಮೇಲಿನ ಕೈ ತೆಗೆದರು. ಆಮೇಲೆ ಆಡಿಗೆ ಅಂದರು, "ಫೋನಿನ್ಯಾಗ ಮಗ ಹೇಳಿಕೊಟ್ಟನೇನು, ಕೇಳು. ಹಳೆಯೂರಿನ ಮ್ಯಾಲೆ ಮೋಟರು ನಿಂದ್ರಸಬಾರದು ಅನ್ನೋದಕ್ಕ ಇದೊಂದು ನೆಪ ಮಾಡ್ಯಾನ. ಅವ ಮೊದಲ ಹೇಳಿದಂಗ ದಡದಾಗ ತಿರುಗಸ್ತೀನಿ ಅಂತ ಹೇಳು."

ಇವರು ಹೇಳಿದ್ದಲ್ಲ ಎನ್ನುವಷ್ಟರಲ್ಲಿ ಎದ್ದು ಹೋದರು. ಸಂಜೆ ದೋಣಿಯಲ್ಲಿ ಎಂದಿನಂತೆಯೇ ಮಾಡಿದರು.

೬-೧೦-೯೮, ಮಂಗಳವಾರ

ಬೆಳಿಗ್ಗೆ ಹೊರಡಲಿಲ್ಲ. ಅದರ ಮಾತು ಬಿಡೋಣ.

ಸಂಜೆಯ ದೋಣಿಯಲ್ಲಿ ನಾಗಲಿಂಗಮ್ಮ ಮತ್ತು ಇಬ್ಬರು ಕೂಲಿಯವರು ಮಾತ್ರ ಇದ್ದರು. ನಾಗಲಿಂಗಮ್ಮ ಖಾಲಿ ಕ್ಯಾನಿಗೆ ಒರಗಿ ತೂಕಡಿಸುತ್ತಿದ್ದರು. ಮಾವನ ಕಣ್ಣು ದಡದ ಮೇಲಿತ್ತು. ನಾಳೆ ಈ ಹೊತ್ತಿಗೆ ಇದು ತಮ್ಮದಲ್ಲವೆಂದು ಅವರು ಆಗಲೇ ತೀರ್ಮಾನಿಸಿದ್ದಂತೆ ಕಂಡಿತು. ಜಾಲಿಮರ ಇನ್ನೂ ದೂರವಿತ್ತು. ನಾನು ಕೈ ಚಾಚಿ ಕಾಕು ತಿರುಗಿಸಿದೆ.

ಬಿಸಿ ಇತ್ತು. ಮಾವ ನನ್ನ ಕೈ ನೋಡಿದರು. ಅವರ ಕೈಯೂ ಕಾಕಿನ ಹತ್ತಿರ ಬಂತು. ಮತ್ತೆ ತಿರುಗಿಸಿಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಮೋಟರಿನ ಸದ್ದು ಬದಲಾಯಿತು, ತೆಳ್ಳಗಾಯಿತು, ಹಿಂದೆ ಬರುತ್ತಿದ್ದ ಹೊಗೆ ಕಡಿಮೆಯಾಯಿತು. ಮಾವ ತಲೆ ಓರೆ ಮಾಡಿ ಕೇಳಿಸಿಕೊಂಡರು. ಜಾಲಿಮರ ದಾಟಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಹಳೆಯೂರು ಬಂದಾಗ ಮೋಟರು ನಿಲ್ಲಿಸಿದರು. ನಾನು ಗಳ ತೆಗೆದುಕೊಂಡೆ.

ದಡದಲ್ಲಿ ಅವರು ಕಾಕನ್ನು ಮುಟ್ಟದೇ ಇಳಿದರು.

ಸೀರೆಗಳನ್ನು ಒಗೆದಿಲ್ಲ.

೭-೧೦-೯೮, ಬುಧವಾರ

ಓಣಿಯ ಅರ್ಧ ಜನ ದಡದಲ್ಲಿದ್ದರು. ಗುರುಸಂಗಪ್ಪನವರು ನಿನ್ನೆ ಮಧ್ಯಾಹ್ನದ ದೋಣಿಗೇ ಬಂದು ಓಣಿಯಲ್ಲೇ ಉಳಿದಿದ್ದರು. ಶಾಲು ಹೊದ್ದುಕೊಂಡು ದೋಣಿಯ ಮಧ್ಯದಲ್ಲಿ ಕೂತರು. ಗಳ ಹಾಕಿ ಹಳೆಯೂರು ದಾಟಿಸಿದೆ.

ಮಾವ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡರು. ಎತ್ತಲು ನೋಡಿದರು, ಭುಜ ಏಳಲಿಲ್ಲ. ಎಡಗೈಗೆ ಬದಲಿಸಿಕೊಂಡರು. ಆಮೇಲೆ ಹಗ್ಗವನ್ನು ನನ್ನ ಕಡೆ ಚಾಚಿದರು.

"ಎಳಿಯವ್ವ. ನೀನ ಎಳಿ."

ನನಗೇ ಹೇಳಿದ್ದು. ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದೆ. ಎಳೆದೆ. ಹೊರಟಿತು.

"ಏನ್ ಹುಲುಗಣ್ಣ, ಸೊಸಿನ್ನ ಡ್ರೈವರ್ ಮಾಡಿಬಿಟ್ಟಿ?" ಎಂದರು ಗುರುಸಂಗಪ್ಪನವರು.

"ನಿಮ್ಮ ಸಂಘದಾಗ ಯಾರರ ಇದ್ರ ಕಳಸ್ರಿ, ಆಕಿ ಕಲಸ್ತಾಳ," ಎಂದರು ನಾಗಲಿಂಗಮ್ಮ.

ಹಾಲಿನ ವ್ಯಾನು ಇನ್ನೂ ನಿಂತಿತ್ತು. ಗುರುಸಂಗಪ್ಪನವರು ಇಳಿಯುವಾಗ ಮಾವನ ಒಳ್ಳೆಯ ಭುಜ ತಟ್ಟಿ, "ನಡೀಲಿ," ಎಂದರು. ಅಷ್ಟೇ. ಮುಗಿಯಿತು.

ವಾಪಸು ಬರುವಾಗ ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಂಗೈ ಕೆಂಪಗಾಗಿದೆ.

೧೧-೧೦-೯೮, ಭಾನುವಾರ

ಫೋನು ಬರುವ ಹೊತ್ತಿಗೆ ನಾನು ಕಿರಾಣಿ ಅಂಗಡಿಯಲ್ಲಿ ಹೊಸ ಹಗ್ಗ ನೋಡುತ್ತಿದ್ದೆ. ಬೂತಿನವನು ಓಡಿ ಬಂದು ಕರೆದ.

"ದೋಣಿ ಉಳೀತಂತಲ್ಲ," ಎಂದರು ಇವರು.

"ಹೂಂ."

"ಯಾರು ರಿಪೇರಿ ಮಾಡಿದ್ರು?"

"ರಿಪೇರಿ ಏನೂ ಇರಲಿಲ್ರಿ."

ಅವರ ಹಿಂದೆ ಏನೋ ಮೊರೆಯುತ್ತಿತ್ತು. ಸಮುದ್ರವೋ ಲಾರಿಯೋ.

"ಹಂಗಾದ್ರ ರೂಮು ಬ್ಯಾಡಂತ ಹೇಳ್ತೀನಿ," ಎಂದರು.

"ಹೇಳ್ರಿ."

"ನಿನಗ ಬ್ಯಾಸರ ಆಗಂಗಿಲ್ಲೇನು?"

"ಆಗತೈತಿ," ಎಂದೆ.

ಇನ್ನೂ ಏನೋ ಹೇಳುವುದಿತ್ತು. ಸಂಜೆಯ ದೋಣಿಗೆ ಜನ ಸೇರುತ್ತಿದ್ದರು, ಇಟ್ಟುಬಿಟ್ಟೆ.

ಇವತ್ತು ಭಾನುವಾರ, ಕೂಲಿಯವರಿಲ್ಲ. ಇದ್ದವರೂ ಗುಡ್ಡದ ಬದಿಯ ಹೊಲಗಳ ಹತ್ತಿರ ಇಳಿದುಕೊಂಡರು. ಉಳಿದದ್ದು ಮಾವ ಮತ್ತು ನಾನು. ಜಾಲಿಮರದ ಮೊದಲು ಕಾಕು ತಿರುಗಿಸಿದೆ. ಹಳೆಯೂರು ಬಂತು. ಮಾವ ಮೋಟರು ನಿಲ್ಲಿಸಿದರು. ನೀರು ಸ್ವಲ್ಪ ಹೊತ್ತು ದೋಣಿಗೆ ಬಡಿದು ಅದೂ ಸುಮ್ಮನಾಯಿತು. ನಾನು ಬಗ್ಗಿ ನೋಡುತ್ತಿದ್ದೆ.

"ಕಾಣಂಗಿಲ್ಲವ್ವ," ಎಂದರು ಮಾವ. "ಎಲ್ರೂ ಹಂಗ ಬಗ್ಗಿ ನೋಡ್ತಾರ. ಈಗ ನೀನು ಕುಂತಿದ್ದೀಯಲ್ಲ, ಅಲ್ಲಿಗೆ ಸರಿಯಾಗಿ ನಮ್ಮ ಮನಿ. ನಮ್ಮವ್ವನ ಒಲಿ ಈ ಬದೀಗೆ. ಕಿವಿ ಕೊಡು."

ಕಿವಿ ಕೊಟ್ಟೆ. ದೋಣಿ ತಾನೇ ಸರಿಯುತ್ತಿತ್ತು. ಬಹಳ ಹೊತ್ತು ಕೇಳಿದೆ.

"ಏನೂ ಕೇಳವಲ್ದು, ಮಾವ."

"ನನಗೂ ಕೇಳಂಗಿಲ್ಲ," ಎಂದರು. "ಯಾವತ್ತೂ ಕೇಳಿಲ್ಲ."

ಗಳ ತೆಗೆದುಕೊಂಡು ದಡದ ಕಡೆ ಊರಿದೆ.